ನೇಪಾಳಕ್ಕೆಂದು ಕರಿದ ಕೋಡುಬಳೆ

ಮನೆಯಲ್ಲಿ ನನಗೆ ಸಿಐಡಿ ಅಂತ ಹೆಸರು. ಹೂಟಗಳ್ಳಿ ಕಡೆಯ ಶಾಲೆಯಲ್ಲಿ ಇಷ್ಟು ವರ್ಷ ಟೀಚರಾಗಿದ್ದು, ಹೊಟ್ಟೆನೋವೆಂದು ಅಳುವ ಮಕ್ಕಳಲ್ಲಿ ಯಾರದು ನಿಜವಾದ ನೋವು, ಯಾರದು ಗಣಿತದ ಪರೀಕ್ಷೆಯ ನೋವು ಎಂದು ಮುಖ ನೋಡಿಯೇ ಹೇಳಿದವಳು ನಾನು. ಅನುಮಾನವೇ ನನಗೆ ಅನ್ನ ಹಾಕಿದೆ.

ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಒಂದು ದಿನ ಕುಣಿಯುತ್ತ ಬಂದಳು. ದಸರಾ ರಜೆಯಲ್ಲಿ ಅವಳ ಗುಂಪು ನೇಪಾಳದ ಬೆಟ್ಟದ ಮೇಲಿನ ಒಂದು ಶಾಲೆಗೆ ಸೇವೆಗೆ ಹೋಗುತ್ತದಂತೆ. ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಗೋಡೆಗೆ ಬಣ್ಣ ಬಳಿದು ಬರುತ್ತಾರಂತೆ. ನನ್ನ ಕಿವಿ ನೆಟ್ಟಗಾಯಿತು. ಆದರೆ ಅವಳು ಒಮ್ಮೆಯೂ ವಿಮಾನ ಹತ್ತಿದವಳಲ್ಲ, ಹಿಮದ ಬೆಟ್ಟ ನೋಡಬೇಕೆನ್ನುವುದು ಅವಳ ಚಿಕ್ಕಂದಿನ ಆಸೆ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸು ಬರಲಿಲ್ಲ.

ಖರ್ಚಿಗೆ ಹಣ ಕೂಡಿಸಲು ಅವರು ನನ್ನ ಅಡುಗೆಮನೆಯನ್ನೇ ಹಿಡಿದರು. ಶನಿವಾರ ಕೋಡುಬಳೆ ಕರಿಯುವುದು, ಭಾನುವಾರ ಬೆಳಿಗ್ಗೆ ಗೋಕುಲಂನಲ್ಲಿ ಯೋಗ ಮುಗಿಸಿ ಹೊರಬರುವ ವಿದೇಶೀಯರಿಗೆ ಮಾರುವುದು. ಗುಂಪಿನ ಮುಖಂಡ ಕೊನೆಯ ವರ್ಷದ ಹುಡುಗ, ಹಿಂದಿನ ಸಲವೂ ನೇಪಾಳಕ್ಕೆ ಹೋಗಿ ಬಂದವನು. ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬರುತ್ತಿದ್ದ. ಹಿಟ್ಟು ನಾದಿ ಕೊಡುತ್ತಿದ್ದ, ಕುಡಿದ ಲೋಟ ತಾನೇ ತೊಳೆದಿಡುತ್ತಿದ್ದ. "ನಿಮ್ ಕೈ ಕೋಡುಬಳೆ ಇಲ್ದಿದ್ರೆ ನಮ್ಗೆ ನೇಪಾಳನೇ ಇಲ್ಲ ಬುಡಿ ಆಂಟಿ" ಎನ್ನುತ್ತಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ. ಇವನು ದುಡ್ಡು ನುಂಗುತ್ತಾನೆ ಎಂದು ತೀರ್ಮಾನಿಸಿಬಿಟ್ಟೆ.

ವಾರಗಟ್ಟಲೆ ಅವನ ಮೇಲೆ ಕಣ್ಣಿಟ್ಟೆ. ಬಂದದ್ದನ್ನೆಲ್ಲ ಎಲ್ಲರೆದುರೇ ಹೇಳಿ ಬ್ಯಾಂಕಿಗೆ ಕಟ್ಟುತ್ತಿದ್ದ. ಏನೂ ಸಿಗಲಿಲ್ಲ. ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಎಲ್ಲೋ ಏನೋ ಸರಿಯಿಲ್ಲ, ಅದು ನನ್ನ ಕೈಗೆ ಸಿಗುತ್ತಿಲ್ಲ ಅಷ್ಟೆ.

ಒಂದು ಶನಿವಾರ ಗುಂಪೆಲ್ಲ ಕೋಡುಬಳೆ ಸುತ್ತುತ್ತ ಕೂತಿದ್ದಾಗ ಅವನು ಹಿಂದಿನ ಸಲದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದ. ಹೊಸದಾಗಿ ನೀಲಿ ಬಳಿದ ಗೋಡೆ, ಅದರ ಮುಂದೆ ಯೂನಿಫಾರ್ಮ್ ತೊಟ್ಟ ಮಕ್ಕಳ ಸಾಲು. ಒಂದೊಂದು ಮಗುವಿನ ಹಣೆಯ ಮೇಲೂ ದಪ್ಪಗೆ ಮೆತ್ತಿದ ಕುಂಕುಮದಕ್ಕಿ, ಕಿವಿಯ ಮೇಲೆ ಹಳದಿ ಮೊಳಕೆಯ ಎಳೆಗಳು. ಯಾವ ಮಗುವೂ ನಗುತ್ತಿರಲಿಲ್ಲ.

"ಇದೇನಪ್ಪಾ, ಹಬ್ಬವಾ?" ಎಂದೆ.

"ಹೌದು ಆಂಟಿ, ಅಲ್ಲೂ ದಸರಾ. ನಮಗಿಂತ ಜೋರು."

"ದಸರಾಕ್ಕೆ ನಮ್ ಸ್ಕೂಲಿಗೆ ರಜ. ಅವ್ರಿಗಿಲ್ವಾ?"

"ಇದೆ ಆಂಟಿ. ನಾವು ಬರ್ತೀವಿ ಅಂತ ಮಕ್ಳನ್ನ ಕರೆಸ್ತಾರೆ. ಪಾಪ, ಅಡ್ಜಸ್ಟ್ ಮಾಡ್ಕೋತಾರೆ."

ಮುಖ ನೋಡಿದೆ. ಕಳ್ಳತನ ಇರಲಿಲ್ಲ. ಮುಚ್ಚಿಡುವಂಥದ್ದೇನಾದರೂ ಅದರಲ್ಲಿದೆ ಎಂದೇ ಅವನಿಗೆ ಹೊಳೆದಿರಲಿಲ್ಲ.

"ಈ ಸಲ ಗೋಡೆಗೆ ಯಾವ ಬಣ್ಣ?"

"ಹಳದಿ ಆಂಟಿ."

ಬಾಣಲೆ ಇಳಿಸಿದೆ. ನಮ್ಮ ಶಾಲೆಯ ಗೋಡೆಗೂ ಒಂದು ಕಾಲದಲ್ಲಿ ಇದೇ ಭಾಗ್ಯ. ದಸರಾ ನೋಡಲು ಬಂದ ಪರದೇಶದವರು ಸೇವೆಯನ್ನೂ ಮಾಡಿ ಹೋಗುತ್ತಿದ್ದರು. ಚೆನ್ನಾಗಿದ್ದ ಹಸಿರಿನ ಮೇಲೆ ಗುಲಾಬಿ, ಗುಲಾಬಿಯ ಮೇಲೆ ಮತ್ತೆ ಹಸಿರು. ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಮಾತಾಡಿದಳು. "ಅಮ್ಮ, ವಿಜಯದಶಮಿ ದಿನ ನಿಮ್ ಸ್ಕೂಲಲ್ಲಿ ಮಕ್ಳು ಕಮ್ಮಿ ಅಂತ ನನ್ನೂ ಕರ್ಕೊಂಡೋಗಿ ನಿಲ್ಸಿದ್ಯಲ್ಲ, ನೆನಪಿದ್ಯಾ? ಆ ಫಾರಿನ್ನವ್ರು ಜಂಬೂಸವಾರಿಗೆ ಲೇಟಾಗುತ್ತೆ ಅಂತ ಅರ್ಧಕ್ಕೇ ಹೊರಟ್ಬುಟ್ರು. ನಾವು ಬ್ರಷ್ ತೊಳ್ದು, ನೆಲ ಒರೆಸಿ ಬರೋ ಹೊತ್ಗೆ ಆನೆ ಬನ್ನಿಮಂಟಪ ಸೇರಿತ್ತು."

"ಈ ಮಕ್ಳಿಗೆ ಖುಷೀನೇ ಕಣೇ," ಎಂದ ಮುಖಂಡ.

"ನಂಗೆ ಆಗಿರ್ಲಿಲ್ಲ ಕಣೋ."

ರಜೆ ಬಿಟ್ಟು ಬೇರೆ ದಿನ ಹೋದರೆ ಕಾಲೇಜಿನಲ್ಲಿ ಹಾಜರಿ ಕೊಡುವುದಿಲ್ಲ, ಈ ಸಲ ತಪ್ಪಿದರೆ ತಪ್ಪಿದಂತೆಯೇ ಎಂದು ಅವನು ವಾದಿಸಿದ. ಅದು ನಿಜವೂ ಆಗಿತ್ತು. ಮಗಳ ಕಣ್ಣು ಮೂಲೆಯಲ್ಲಿದ್ದ ಹೊಸ ಬ್ಯಾಗಿನ ಕಡೆಗೆ ಹೋಯಿತು. ಅದನ್ನು ತಂದ ದಿನ ಅವಳು ಹೆಗಲಿಗೇರಿಸಿಕೊಂಡೇ ಮನೆಯೆಲ್ಲ ಓಡಾಡಿದ್ದಳು. ಹೋಗಲಿ ಬಿಡು, ಹೋಗಿ ಬಾ ಎಂದು ನನ್ನ ನಾಲಿಗೆಯ ತುದಿಗೆ ಬಂತು. ತಾಯಿಯ ಕರುಳು, ಅಲ್ಲಿಗೆ ಸಿಐಡಿ ಕೆಲಸ ಮುಗಿಯುತ್ತದೆ.

"ನಾನು ಹೋಗಲ್ಲ," ಎಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, ನಾವೂ ಅಷ್ಟೆ ಎಂದರು.

"ಹಂಗಿದ್ರೆ ನೀನೇ ಹೇಳು ಅವ್ರಿಗೆ," ಎಂದು ಮುಖಂಡ ಆ ಶಾಲೆಯ ಹೆಡ್‌ಮಿಸ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟ. ಮಗಳು ತನ್ನ ಹರಕುಮುರುಕು ಹಿಂದಿಯಲ್ಲಿ, ಈ ಹಬ್ಬಕ್ಕೆ ನಾವು ಬರುವುದಿಲ್ಲ, ದಯವಿಟ್ಟು ಮಕ್ಕಳನ್ನು ಕರೆಸಬೇಡಿ ಎಂದು ಹೇಳಿದಳು.

ಬರುವ ಸಹಾಯ ತಪ್ಪಿತೆಂದು ಆಕೆ ಸಿಟ್ಟಾಗುತ್ತಾಳೇನೋ ಎಂದು ನನಗೆ ಮತ್ತೆ ಅನುಮಾನ.

"ನಿಜವಾಗಿಯೂ ಬರುವುದಿಲ್ಲವೇ?" ಎಂದು ಆಕೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು. "ಹಾಗಾದರೆ ಈ ಸಲ ನಾನೂ ತವರಿಗೆ ಹೋಗಬಹುದು. ನನ್ನ ಹಣೆಗಿಡಲೆಂದು ಅಮ್ಮ ಪ್ರತಿ ಹಬ್ಬಕ್ಕೂ ಕುಂಕುಮದಕ್ಕಿ ಕಲಸಿಟ್ಟುಕೊಂಡು ಕಾಯುತ್ತಾಳೆ."

ಮಗಳ ಕಣ್ಣು ತುಂಬಿತು. ಹಿಂದಿ ಮರೆತೇ ಹೋಗಿ, ಕನ್ನಡದಲ್ಲೇ, "ಹೋಗ್ಬನ್ನಿ ಮೇಡಂ, ಹುಷಾರಾಗಿ ಹೋಗ್ಬನ್ನಿ," ಎಂದಳು. ಅವಳನ್ನು ಕಳಿಸುವ ದಿನ ಹೇಳಲೆಂದು ನಾನು ಇಟ್ಟುಕೊಂಡಿದ್ದ ಮಾತು ಅದು.