ದೀಡ ತಾಸಿನ ಪಂಪು

ಹೋದ ವಾರ ಹುಮನಾಬಾದ ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಹೆಂಗಸು ಡಬ್ಬಿ ತೆರೆದು ಲವಂಗವೊಂದನ್ನು ಬಾಯಿಗೆ ಹಾಕಿಕೊಂಡಳು. ಆ ಘಮಕ್ಕೆ ನಮ್ಮ ಮೇಡಂ ನೆನಪಾದರು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ಸತ್ತವರನ್ನು ನೆನೆದರೆ ಕಣ್ಣು ತುಂಬಬೇಕು ಅನ್ನುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ.

ಮೇಡಂ ಹುಮನಾಬಾದದ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಚಿಟಗುಪ್ಪದವರು. ಪಾಠ ಹೇಳುವಾಗಲೂ ದವಡೆಯಲ್ಲೊಂದು ಲವಂಗ... ನಮ್ಮನ್ನು ಕಟ್ಟಿಕೊಂಡು ಕನ್ನಡದಲ್ಲೇ ಬರೆಯುವ ಸಣ್ಣದೊಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. 'ಪಂಪು ಎರಡು ತಾಸು ನಡೆಸು' ಎಂದು ಬರೆದರೆ ಅದನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರೂ ಅವರದೇ. ರಾಜೇಶ್ವರ ಹಳ್ಳಿಯ ಕಾಕಾ ಒಬ್ಬರು ತಮ್ಮ ಮೆಣಸಿನ ಸಸಿಗಳ ಪಂಪಿಗೆ ಅದನ್ನು ಹಾಕಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಕಾಕಾ ಕಾಲೇಜಿಗೇ ಬಂದರು. "ಮೇಡಂರೀ, ನಾ ದೀಡ ತಾಸು ಅಂತ ಬರದೀನಿ, ಅದು ಒಂದೇ ತಾಸಿಗಿ ನಿಲ್ಲಾಕತ್ತದ. ಸಸಿ ಬಾಡ್ಯಾವ. ನಿಮ್ಮ ಮಷೀನಿಗಿ ಅರ್ಧಾ ತಿಳಿಯಂಗಿಲ್ಲೇನ್ರಿ?"

ಆ ಕಂಪೈಲರಿಗೆ ಪೂರ್ಣ ಸಂಖ್ಯೆ ಒಂದು ಟೈಪು, ಭಿನ್ನರಾಶಿ ಇನ್ನೊಂದು. ಮೇಡಂ ಎಣಿಕೆಯ ಮಾತುಗಳನ್ನೆಲ್ಲ ಪೂರ್ಣದ ಗುಂಪಿಗೆ ಹಾಕಿಬಿಟ್ಟಿದ್ದರು. ನಮ್ಮ ಕಡೆ ಒಂದು, ದೀಡ, ಎರಡು, ಅಡೀಚ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಅನ್ನುವ ನಮಗೆ ಅವುಗಳೊಳಗೆ ಅರ್ಧವಿದೆ ಎಂದು ಅನಿಸುವುದೇ ಇಲ್ಲ. ಕಂಪೈಲರು ಆ ಅರ್ಧವನ್ನು ಸದ್ದಿಲ್ಲದೆ ಕತ್ತರಿಸಿ ಒಗೆದಿತ್ತು.

"ತಪ್ಪು ನಂದೇರೀ ಕಾಕಾ, ನಾನೇ ತಿದ್ದತೀನಿ" ಅಂದರು ಮೇಡಂ. ದೀಡ, ಅಡೀಚಗಳನ್ನು ಭಿನ್ನರಾಶಿಯ ಕಡೆ ಸರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಪೂರ್ಣ ಸಂಖ್ಯೆಯ ಜಾಗಕ್ಕೆ ಭಿನ್ನರಾಶಿ ಬಂದರೆ ಕಂಪೈಲರು ಅಲ್ಲೇ ನಿಂತು ಕೇಳುವಂತೆ ಮಾಡಿದರು. "ಅರ್ಧಾ ನುಂಗೋದಿದ್ರ ಕೇಳಿ ನುಂಗಬೇಕಪ್ಪಾ" ಎಂದು ನಕ್ಕಿದ್ದರು.

ಪ್ರಿನ್ಸಿಪಾಲರಿಗೆ ಅದೆಲ್ಲ ಬೇಕಿರಲಿಲ್ಲ. "ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಮೇಡಂ? ಆ ಹಳ್ಳಿ ಶಬ್ದನೇ ತೆಗದುಬಿಡ್ರಿ. ಒಂದು ಪಾಯಿಂಟ್ ಐದು ಅಂತ ಹೊಡೀಲಿ."

"ಮಂದಿ ಆಡೋ ಮಾತೇ ತೆಗೆಯೋದಿದ್ರ ಇದನ್ನ ಕನ್ನಡದಾಗ ಯಾಕ ಮಾಡಬೇಕಿತ್ರೀ ಸರ್?"

ಅವರು ಕೇಳಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ದೀಡ, ಅಡೀಚ, ಒಂದೂಕಾಲಿನ ಸವಾ ಎಲ್ಲವನ್ನೂ ಬೇರೆಯವರಿಂದ ಅಳಿಸಿಸಿದರು. ಮೇಡಂ ತಿದ್ದಿದ್ದು ಕಾಕಾನ ಪಂಪಿಗೆ ಮುಟ್ಟುವ ಮೊದಲೇ ಮೂಲೆಗೆ ಬಿತ್ತು. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ, ಲ್ಯಾಬಿಗೆ ಬರುವುದನ್ನೂ ಕಡಿಮೆ ಮಾಡಿದರು... ಅದೇ ವರ್ಷ ಹೃದಯಾಘಾತದಿಂದ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಪ್ರಿನ್ಸಿಪಾಲರು ಫೋಟೋಕ್ಕೆ ಹಾರ ಹಾಕಿ ಮೇಡಂ ಅವರ ಭಾಷಾಪ್ರೇಮವನ್ನು ಕೊಂಡಾಡಿದರು. ಬದುಕಿದ್ದಾಗ ಬಾಯಿ ಮುಚ್ಚಿಸಿ, ಸತ್ತ ಮೇಲೆ ಹಾರ! ನಾನು ನಡುವೆಯೇ ಎದ್ದು ಹೊರಬಿದ್ದೆ. ಇವತ್ತಿಗೂ ಆ ಭಾಷಣ ನೆನೆದರೆ ಹಲ್ಲು ಕಡಿಯುತ್ತೇನೆ.

ಈಗ ಬಸವಕಲ್ಯಾಣದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಮೇಡಂ ತಿದ್ದಿದ ಕಂಪೈಲರು ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಮೊನ್ನೆ ರಾಜೇಶ್ವರಕ್ಕೆ ಹೋಗಿ ಕಾಕಾನ ಪಂಪಿಗೆ ಅದನ್ನು ಹಾಕಿದೆ. ಕಾಕಾ ತಾವೇ ಕೂತು 'ದೀಡ ತಾಸು' ಎಂದು ಬರೆದರು. ಒಂದು ತಾಸು ಕಳೆದರೂ ನೀರು ನಿಲ್ಲಲಿಲ್ಲ.

"ಬರಾಬರ್ ನಡ್ಯಾಕತ್ತದ ನೋಡ್ರಿ" ಅಂದರು ಕಾಕಾ. "ಮೇಡಂರಿಗಿ ಹೇಳ್ರಿ, ಭಾಳ ಖುಷಿ ಆಯ್ತು ಅಂತ."

ಇಷ್ಟು ದಿನವಾದರೂ ಅವರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ನಾನೇ ಹೇಳಬೇಕಾಯಿತು.