ಬಟ್ಟೆ ಎತ್ತಿಕೊಳ್ಳಲು ಕರೆದ ದನಿ

ಅಶರೀರವಾಣಿ, ದೆವ್ವ ಎಂದರೆ ನಗುತ್ತಿದ್ದವಳು ನಾನು. ರೂಮು ಸರಿಯಿಲ್ಲ, ಓದಲಾಗುತ್ತಿಲ್ಲ ಎನ್ನುವ ಗೆಳತಿಯರನ್ನೂ ಬಿಡುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಚುಚ್ಚುತ್ತಿದ್ದೆ. ಈಗ ನನ್ನ ಕಥೆ ಕೇಳಿ ನೀವು ನಕ್ಕರೂ ಬೇಸರವಿಲ್ಲ.

ಎಂ.ಎಸ್ಸಿ. ಓದಲು ಗದಗದಿಂದ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದೆ. ನೆಲಮಹಡಿಯ ರೂಮು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಕುತ್ತಿತ್ತು. ಹಗಲಲ್ಲೂ ಟ್ಯೂಬ್‌ಲೈಟು ಬೇಕು. ಮೂರನೇ ಸೆಮಿಸ್ಟರಿನ ಹೊತ್ತಿಗೆ ಕ್ಲಾಸಿಗೆ ಹೋಗುವುದು ನಿಂತಿತು, ಆಮೇಲೆ ಸ್ನಾನ, ಆಮೇಲೆ ಊಟ. ಸುಮ್ಮನೆ ಮಲಗಿರುತ್ತಿದ್ದೆ. ಕೊನೆಗೆ ಅಪ್ಪನಿಗೆ ಫೋನ್ ಮಾಡಿ, “ನನ್ನ ಕೈಲೆ ಆಗಂಗಿಲ್ಲಪ್ಪಾ, ಬಂದು ಕರಕೊಂಡು ಹೋಗ್ರಿ” ಎಂದೆ. ಭಾನುವಾರ ಬರುತ್ತೇನೆ ಎಂದರು.

ಶನಿವಾರ ಮಧ್ಯಾಹ್ನ ಗೋಡೆ ನೋಡುತ್ತ ಬಿದ್ದುಕೊಂಡಿದ್ದೆ. ಯಾರೋ ವಯಸ್ಸಾದ ಹೆಂಗಸು ಬಾಗಿಲಲ್ಲೇ ನಿಂತು ನನ್ನ ಹೆಸರು ಹಿಡಿದು ಕರೆದ ದನಿ ಕೇಳಿತು: “ನಿನ್ನ ಬಟ್ಟೆ ಎತ್ಕೊಳ್ಳಮ್ಮ, ಮಳೆ ಬಂತು.”

ಯೋಚಿಸದೆ ಎದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಬರಿಗಾಲಲ್ಲೇ ಟೆರೇಸಿಗೆ ಓಡಿದೆ. ಮೇಲೆ ಕಣ್ಣು ಕುಕ್ಕುವ ಬಿಸಿಲು. ತಂತಿಯ ಮೇಲೆ ನನ್ನದೊಂದು ಬಟ್ಟೆಯೂ ಇರಲಿಲ್ಲ. ಇರುವುದಾದರೂ ಹೇಗೆ? ನಾನು ಒಗೆದೇ ವಾರಗಳಾಗಿದ್ದವು.

ಪಕ್ಕದ ಮನೆಯ ಆಂಟಿ ತಮ್ಮ ಟೆರೇಸಿನಲ್ಲಿ ಸಂಡಿಗೆ ಇಡುತ್ತಿದ್ದರು. ಮಳೆ ಬಂತೆಂದು ನೀವು ಕರೆದಿರಾ ಎಂದು ಕೇಳಿದೆ.

“ಇಲ್ಲಮ್ಮ. ಮಳೆ ಬರೋ ಹಾಗಿದ್ರೆ ನಾನ್ಯಾಕೆ ಸಂಡಿಗೆ ಇಡ್ತಿದ್ದೆ?” ಎಂದರು. ಆಮೇಲೆ ನನ್ನ ಮುಖ ನೋಡಿ, “ಸ್ವಲ್ಪ ಕೂತ್ಕೊ, ಗಾಳಿ ಚೆನ್ನಾಗಿದೆ” ಎಂದರು.

ನೀರಿನ ಟ್ಯಾಂಕಿಗೆ ಒರಗಿ ಕೂತೆ. ಯಾಕೋ ಅಳು ಬಂತು, ಸಾಕಷ್ಟು ಅತ್ತೆ. ಅತ್ತು ಮುಗಿದಾಗ ಹಸಿವಾಗಿತ್ತು. ಎಷ್ಟೋ ದಿನದ ಮೇಲೆ ಹಸಿವಾಗಿದ್ದಕ್ಕೆ ಖುಷಿಯೂ ಆಯಿತು. ಟೆರೇಸಿನ ಮೂಲೆಯಲ್ಲಿ ಶೀಟು ಹೊದಿಸಿದ ರೂಮೊಂದಿತ್ತು, ಎರಡು ಕಡೆ ಕಿಟಕಿ. ಸೆಖೆಯೆಂದು ಯಾರೂ ಅದನ್ನು ಹಿಡಿದಿರಲಿಲ್ಲ.

ಮರುದಿನ ಅಪ್ಪ ನನ್ನ ಸಾಮಾನಿಗೆಂದು ಖಾಲಿ ಚೀಲಗಳನ್ನು ತಂದರು. “ಮ್ಯಾಲಿನ ರೂಮಿಗೆ ಹೋಗ್ತೀನ್ರಿ, ಊರಿಗೆ ಬರಂಗಿಲ್ಲ” ಎಂದೆ. ಅವರು ಚೀಲ ತುಂಬಿ ಮೆಟ್ಟಿಲು ಹತ್ತಿದರು. ದನಿಯ ವಿಷಯ ಹೇಳಿದಾಗ ನಗಲಿಲ್ಲ.

“ಯಾರರೆ ಇರ್ಲಿ ಬಿಡವ್ವ. ಮತ್ತ ಕರದ್ರ ಓ ಅನ್ನು.”

ಮತ್ತೆ ಯಾರೂ ಕರೆಯಲಿಲ್ಲ. ನಮ್ಮ ಪಿಜಿಯಲ್ಲಿ ಆ ವಯಸ್ಸಿನ ಹೆಂಗಸೇ ಇರಲಿಲ್ಲ. ಎಷ್ಟು ಯೋಚಿಸಿದರೂ ಅದು ಯಾರ ದನಿಯೆಂದು ಇವತ್ತಿಗೂ ಬಗೆಹರಿದಿಲ್ಲ. ಆ ಭಾನುವಾರ ಸಂಜೆ ಅಪ್ಪ ಮತ್ತೆ ಖಾಲಿಯಾದ ಚೀಲಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಒಬ್ಬರೇ ಊರಿನ ಬಸ್ಸು ಹತ್ತಿದರು.