ಪುತ್ತೂರಿನ ಮೇಸ್ತ್ರಿಗೆ ಘಟ್ಟದ ಚಳಿ

ಕೊಡಗಿನ ಎಸ್ಟೇಟಿನ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಮಾರಿದ ಇಂಗ್ಲಿಷ್ ಕಾರು ನನ್ನದು. ಸುಳ್ಯದಲ್ಲಿ ಬಾಡಿಗೆಗೆ ಓಡಿಸುತ್ತಿದ್ದೆ. ಅದರಲ್ಲಿ ಹೀಟರ್ ಇತ್ತು, ಎಂಜಿನಿನ ಬಿಸಿನೀರಿನಿಂದ ಒಳಗೆ ಬಿಸಿಗಾಳಿ ಬಿಡುವಂಥದ್ದು. ಸೆಕೆಯ ಊರಿನಲ್ಲಿ ಇದೆಂತಕ್ಕೆ ಅಂತ ಜನ ನಗುತ್ತಿದ್ದರು. ನನಗೆ ಬೇಕಿತ್ತು. ದಮ್ಮಿನ ಕಾಯಿಲೆಯ ಅಮ್ಮ ಮಡಿಕೇರಿಯಲ್ಲಿ ಅಕ್ಕನ ಮನೆಯಲ್ಲಿದ್ದರು. ಘಟ್ಟದ ಥಂಡಿಗೆ ಹೆದರಿ ಅವರು ಬಸ್ಸು ಹತ್ತುತ್ತಿರಲಿಲ್ಲ. ಒಲೆಯ ಮುಂದೆ ಕೂತ ಹಾಗೆ ಕರೆದುಕೊಂಡು ಬರುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಪುತ್ತೂರಿನ ಗ್ಯಾರೇಜಿನಲ್ಲಿ ಬ್ರೇಕ್ ಸರಿಮಾಡಿಸಿ, ಮರುದಿನವೇ ಮಡಿಕೇರಿಗೆ ಹೋದೆ. ಅಮ್ಮನನ್ನು ಕೂರಿಸಿ ಘಟ್ಟ ಇಳಿಯುವಾಗ ಹೀಟರ್ ಹಾಕಿದರೆ ಬಂದದ್ದು ತಣ್ಣನೆ ಗಾಳಿ. "ಬಿಸಿ ಯಾವಾಗ ಬರುದು ಮಗಾ?" ಅಂತ ಅಮ್ಮ ಒಂದೇ ಸಲ ಕೇಳಿದರು. ಘಟ್ಟದ ಬುಡದ ಸಂಪಾಜೆಗೆ ಬರುವಾಗ ಅವರಿಗೆ ಮಾತಾಡಲಿಕ್ಕೂ ಉಸಿರಿರಲಿಲ್ಲ. ಆ ಚಳಿಗಾಲವಿಡೀ ಅವರು ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದರು.

ನಾನು ಹೋಸ್ ಬಿಚ್ಚಿ ಊದಿದೆ, ನೀರಿನ ಟ್ಯಾಪು ನೋಡಿದೆ, ಎಲ್ಲ ಸರಿ ಉಂಟು. ಕೊನೆಗೆ ಗ್ಯಾರೇಜಿನ ಮೇಸ್ತ್ರಿಯನ್ನೇ ಕೇಳಲು ಹೋದೆ. ಅವನು ನಾಲ್ಕು ಜನರೆದುರು, "ನಿನಗೆ ಹೀಟರ್ ಎಂತಕ್ಕೆ ಮಾರಾಯ? ಅಡಿಕೆ ಒಣಗಿಸಲಿಕ್ಕಾ?" ಅಂದ. ಎಲ್ಲರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಆಗಲೇ ಅವನ ಮೇಜಿನ ಮೇಲೆ, ಕಾಗದ ಹಾರದ ಹಾಗೆ ಇಟ್ಟಿದ್ದ ಒಂದು ಹಿತ್ತಾಳೆ ಬಿಲ್ಲೆ ಕಂಡಿತು.

ಘಟ್ಟ ಹತ್ತುವಾಗ ಎಂಜಿನ್ ಕುದಿಯಬಾರದು ಅಂತ ನಮ್ಮ ಕಡೆಯ ಮೇಸ್ತ್ರಿಗಳು ಕೈಗೆ ಸಿಕ್ಕಿದ ಕಾರಿನ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದಿಡುವ ಇಂಥದ್ದೇ ಬಿಲ್ಲೆ, ಕಿತ್ತು ಬಿಸಾಡುತ್ತಿದ್ದರು, ಯಾರನ್ನೂ ಕೇಳುವುದಿಲ್ಲ, ಅದೊಂದು ಉಪಕಾರ ಅಂತಲೇ ಲೆಕ್ಕ. ಅದಿಲ್ಲದಿದ್ದರೆ ಎಂಜಿನ್ ಬಿಸಿಯೇರುವುದಿಲ್ಲ, ಇಳಿಜಾರಿನಲ್ಲಂತೂ ಹೀಟರಿಗೆ ಜೀವವೇ ಇರುವುದಿಲ್ಲ. ಆ ಬಿಲ್ಲೆ ನನ್ನ ಕಾರಿನದ್ದೇ, ಆ ಜಾತಿಯ ಕಾರು ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಸುಮ್ಮನೆ ಎತ್ತಿ ಜೇಬಿಗೆ ಹಾಕಿಕೊಂಡೆ. ಆದರೆ ಕಾರಿಗೆ ಹಾಕಲಿಲ್ಲ. ನಿನಗೂ ಒಂದು ದಿನ ಬರುತ್ತದೆ ಅಂತ ಹಲ್ಲು ಕಚ್ಚಿಕೊಂಡು ಕಾದೆ.

ಮರುವರ್ಷದ ಚಳಿಗಾಲದಲ್ಲಿ ಬಂತು. ಮಡಿಕೇರಿಯಲ್ಲಿ ಮದುವೆ ಉಂಟು, ಕರೆದುಕೊಂಡು ಹೋಗು ಅಂತ ಮೇಸ್ತ್ರಿಯೇ ಬಂದು ಕೇಳಿದ. ಹೋಗುವಾಗ ಒಳ್ಳೆ ಬಿಸಿಲು. ಸಂಜೆ ಮಂಜು ಮುಸುಕಿದ ಘಟ್ಟ ಇಳಿಯುವಾಗ ತೆಳು ಸಿಲ್ಕ್ ಅಂಗಿಯಲ್ಲಿ ಗಡಗಡ ನಡುಗಲು ಶುರುಮಾಡಿದ. ಹೀಟರ್ ಹಾಕು ಅಂದ. ಹಾಕಿದೆ. ಅವನ ಕಾಲಿಗೆ ತಣ್ಣನೆ ಗಾಳಿ ಬಡಿಯಿತು. ಕಾರು ನಿಲ್ಲಿಸು, ನಾನು ನೋಡುತ್ತೇನೆ ಅಂತ ಇಳಿದ. ನನ್ನ ಸ್ಪ್ಯಾನರ್ ಕೊಟ್ಟು ನಾನು ಒಳಗೇ ಕೂತೆ. ತುಂತುರು ಮಳೆಯಲ್ಲಿ ಅವನು ಟ್ಯಾಪು ನೋಡಿದ, ಹೋಸ್ ಒತ್ತಿದ, ಕೊನೆಗೆ ಥರ್ಮೋಸ್ಟಾಟ್ ಕೂರುವ ಜಾಗದ ಮುಚ್ಚಳ ಬಿಚ್ಚಿದ. ಒಳಗೆ ಖಾಲಿ.

ಮೇಸ್ತ್ರಿಗಳಿಗೆ ಹಿಂದಿನವನನ್ನು ಬೈಯದೆ ಕೆಲಸ ಸಾಗುವುದಿಲ್ಲ. ಇವನೂ ಬೈದ: "ಯಾವ ಮಂಗ ಮಾರಾಯ ಇದನ್ನು ತೆಗೆದದ್ದು?"

ನಾನು ಇಳಿದು ಜೇಬಿನಿಂದ ಬಿಲ್ಲೆ ತೆಗೆದು ಅವನ ಮುಖದ ಎದುರು ಹಿಡಿದೆ. ನೋಡಿದ ಕೂಡಲೇ ಗುರುತಿಸಿದ. ಕೊಡು, ಈಗಲೇ ಹಾಕುತ್ತೇನೆ ಅಂತ ಕೈ ಚಾಚಿದ.

"ಬೇಡ, ಮುಚ್ಚಳ ಹಾಕಿ," ಅಂದೆ. "ನನ್ನ ಅಮ್ಮ ಹೀಗೇ ಇಳಿದದ್ದು."